ವರ್ತಕನ ಮಾಹಿತಿ ಮತ್ತು ಅವನ ಸಮುದಾಯ: ಒಂದು ಅಧ್ಯಯನ

ಪೀಠಿಕೆ

ಹೊಸ ಗಿರಾಕಿಯೊಬ್ಬನು ಒಂದು ಲಾರಿ ಸರಕನ್ನು ಉದ್ರಿಯಾಗಿ ಕೇಳಿದಾಗ ನಮ್ಮ ವರ್ತಕರು ಏನು ಮಾಡುತ್ತಾರೆ? ಅವನ ಲೆಕ್ಕಪತ್ರಗಳನ್ನು ತರಿಸಿ ಓದುವವರು ವಿರಳ. ಆ ಊರಿನ ಪರಿಚಯದ ಮಂಡಿಗೆ ಫೋನು ಮಾಡುತ್ತಾರೆ, ದಲಾಲರನ್ನು ವಿಚಾರಿಸುತ್ತಾರೆ, ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತರನ್ನು ಕೇಳುತ್ತಾರೆ, ಆ ಊರಿನಲ್ಲಿ ಬೀಗರಿದ್ದರೆ ಅವರ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. "ಪಾರ್ಟಿ ಒಳ್ಳೆಯದು, ಹಣ ಮಾತ್ರ ಸ್ವಲ್ಪ ನಿಧಾನ" ಎಂಬ ಒಂದು ಮಾತಿನ ಮೇಲೆ ಲಕ್ಷಾಂತರ ರೂಪಾಯಿಗಳ ವ್ಯವಹಾರ ನಿಶ್ಚಯವಾಗುತ್ತದೆ.

ಈ ವಿಚಾರಣೆಯನ್ನು ನಾವು ಸಂಶೋಧನೆಯ ವಿಷಯವೆಂದು ಭಾವಿಸುವುದಿಲ್ಲ. ಅದು ನಿತ್ಯದ ಕೆಲಸ. ಆದರೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ವಿದ್ವಾಂಸರು ಕಳೆದ ನಾಲ್ಕೈದು ದಶಕಗಳಿಂದ ಇಂತಹ ನಿತ್ಯದ ಮಾಹಿತಿ ಬಳಕೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡಿದ್ದಾರೆ. ಅದಕ್ಕೆ ಬೇಕಾದ ಮುಖ್ಯ ಸಾಧನವನ್ನು ಅವರು ಸಮಾಜಶಾಸ್ತ್ರದಿಂದ ಎರವಲು ಪಡೆದರು. ಆ ಸಾಧನವೇ "ಸಮುದಾಯ" ಎಂಬ ಪರಿಕಲ್ಪನೆ. ಮನುಷ್ಯನು ಏನನ್ನು ಕೇಳುತ್ತಾನೆ, ಯಾರನ್ನು ಕೇಳುತ್ತಾನೆ, ಯಾವುದನ್ನು ನಂಬುತ್ತಾನೆ, ಯಾವುದನ್ನು ಬಚ್ಚಿಡುತ್ತಾನೆ ಎಂಬುದು ಅವನ ಬುದ್ಧಿಶಕ್ತಿಗಿಂತ ಹೆಚ್ಚಾಗಿ ಅವನ ಸಮುದಾಯವನ್ನು ಅವಲಂಬಿಸಿದೆ ಎಂಬುದು ಈ ಅಧ್ಯಯನಗಳ ತಿರುಳು. ಸಮುದಾಯವು ವರ್ತಕನಿಗೆ ಮಾಹಿತಿಯನ್ನು ತಂದುಕೊಡುತ್ತದೆ; ಅದೇ ಸಮುದಾಯವು ಕೆಲವು ಮಾಹಿತಿಯನ್ನು ಅವನ ಬಾಗಿಲಲ್ಲೇ ತಡೆಯುತ್ತದೆ. ಈ ಎರಡೂ ಮುಖಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಗಳೂರಿನಿಂದ ಏಡನ್‌ವರೆಗೆ: ಒಂದು ಹಳೆಯ ನಿದರ್ಶನ

ಮೊದಲು ನಮ್ಮ ಕರಾವಳಿಯದೇ ಒಂದು ನಿದರ್ಶನವನ್ನು ನೋಡೋಣ. ಈಜಿಪ್ಟಿನ ಹಳೆಯ ಕೈರೋ ನಗರದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳಷ್ಟು ಹಳೆಯ ಕಾಗದಪತ್ರಗಳು ರಾಶಿಯಾಗಿ ಬಿದ್ದಿದ್ದವು. 1896-97ರಲ್ಲಿ ಅವುಗಳ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಲಾಯಿತು. ಆ ರಾಶಿಯಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳೂ ಇದ್ದವು. ಎಸ್.ಡಿ. ಗೋಯಿಟೈನ್ ಎಂಬ ವಿದ್ವಾಂಸರು ಅವುಗಳನ್ನು ದೀರ್ಘಕಾಲ ಅಧ್ಯಯನ ಮಾಡಿದರು.

ಆ ಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಹೆಸರು ಮತ್ತೆ ಮತ್ತೆ ಬರುತ್ತದೆ. ಟುನೀಷಿಯಾ ಮೂಲದ ಈತನು ಸುಮಾರು 1132ರಿಂದ 1149ರವರೆಗೆ ಮಂಗಳೂರಿನ ಕಡೆ ನೆಲೆಸಿದ್ದನು. ಮೆಣಸು, ಏಲಕ್ಕಿ, ಅಡಿಕೆಗಳನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಒಮ್ಮೆ ಇಲ್ಲಿನ ದಲಾಲನೊಬ್ಬನು ಏಲಕ್ಕಿಗಾಗಿ ಮುಂಗಡ ಪಡೆದು ಸರಕನ್ನು ಒಪ್ಪಿಸಲಿಲ್ಲ. ಏಡನ್‌ನಲ್ಲಿದ್ದ ಪಾಲುದಾರನು ಬೆನ್ ಯಿಜುವಿಗೆ ಬರೆದ ಪತ್ರದಲ್ಲಿ ಒಂದು ಉಪಾಯವನ್ನು ಸೂಚಿಸುತ್ತಾನೆ. ಮಾತಿಗೆ ತಪ್ಪಿದವರಿಗೆ ಇಲ್ಲಿ ಬಹಿಷ್ಕಾರ ಹಾಕುವ ಪದ್ಧತಿಯುಂಟು, ಅಂತಹ ಪತ್ರವೊಂದು ತನ್ನ ಹೆಸರಿಗೂ ಬಂದೀತೆಂದು ಅವನಿಗೆ ಹೆದರಿಕೆ ಹಾಕಿ ನೋಡು ಎಂಬುದು ಅದರ ತಾತ್ಪರ್ಯ.

ಸಾಗರದಾಚೆಗೆ ಸರಕು ಕಳುಹಿಸುವ ವರ್ತಕನಿಗೆ ಅಲ್ಲಿನ ಮುನಿಮನ ಪ್ರಾಮಾಣಿಕತೆಯನ್ನು ಕಣ್ಣಾರೆ ನೋಡುವ ಅವಕಾಶವಿರಲಿಲ್ಲ. "ಹೆಸರು ಕೆಡುತ್ತದೆ" ಎಂಬ ಭಯವೇ ಅವನ ಜಾಮೀನು. ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್ ಅವರು 1989ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವರ್ತಕ ವಲಯವು ಸುದ್ದಿಯನ್ನು ಹಂಚಿಕೊಳ್ಳುವ ಮೂಲಕವೇ ತನ್ನ ಸದಸ್ಯರನ್ನು ಅಂಕೆಯಲ್ಲಿ ಇಟ್ಟುಕೊಂಡಿತ್ತೆಂದು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆ ವರ್ತಕರು ನ್ಯಾಯಾಲಯಗಳಿಗೂ ಹೋಗುತ್ತಿದ್ದರು, ಕೇವಲ ಸಮುದಾಯವನ್ನೇ ನೆಚ್ಚಿಕೊಂಡಿರಲಿಲ್ಲ ಎಂದು ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ ಅವರು 2012ರಲ್ಲಿ ಆಕ್ಷೇಪಿಸಿದರು. ಬೆನ್ ಯಿಜುವಿನ ವಲಯದವರು ಹಿಂದೂ ಮತ್ತು ಮುಸ್ಲಿಂ ವರ್ತಕರೊಡನೆಯೂ ವ್ಯವಹಾರ ನಡೆಸುತ್ತಿದ್ದರೆಂಬುದೂ ಪತ್ರಗಳಿಂದ ತಿಳಿದುಬರುತ್ತದೆ. ಅಂದರೆ ಸಮುದಾಯದ ಮಾತು ಬೇಕು; ಆದರೆ ಅದೊಂದೇ ಸಾಲದು. ಈ ಎರಡು ಅಂಶಗಳನ್ನು ನೆನಪಿನಲ್ಲಿಟ್ಟು ಮುಂದುವರಿಯೋಣ.

ಸಮುದಾಯ ಎಂದರೇನು?

ಜರ್ಮನಿಯ ಸಮಾಜಶಾಸ್ತ್ರಜ್ಞ ಫರ್ಡಿನಾಂಡ್ ಟೋನಿಸ್ ಅವರು 1887ರಲ್ಲಿ ಮನುಷ್ಯ ಸಂಬಂಧಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ರಕ್ತಸಂಬಂಧ, ನೆರೆಹೊರೆ, ಸ್ನೇಹಗಳಿಂದ ಕೂಡಿದ್ದು ಒಂದು. ಲಾಭ, ಕರಾರು, ಲೆಕ್ಕಾಚಾರಗಳಿಂದ ಕೂಡಿದ್ದು ಇನ್ನೊಂದು. ಮೊದಲನೆಯದು ಹಳ್ಳಿಯ ಲಕ್ಷಣವೆಂದೂ ಎರಡನೆಯದು ನಗರ ಮತ್ತು ಮಾರುಕಟ್ಟೆಯ ಲಕ್ಷಣವೆಂದೂ ಬಹುಕಾಲ ತಿಳಿಯಲಾಗಿತ್ತು.

ಆದರೆ ನಮ್ಮ ಪೇಟೆಯನ್ನು ಬಲ್ಲವರಿಗೆ ಈ ವಿಂಗಡಣೆ ಅಷ್ಟು ಸಲೀಸಲ್ಲವೆಂಬುದು ಗೊತ್ತು. ಬಿಲ್ಲಿನಲ್ಲಿ 30 ದಿನಗಳ ವಾಯಿದೆ ಎಂದು ಮುದ್ರಿಸಿರುತ್ತದೆ. ವಸೂಲಿ ಮಾತ್ರ ಹಬ್ಬ, ಮದುವೆ, ಹಳೆಯ ಸ್ನೇಹಗಳನ್ನು ನೋಡಿಕೊಂಡು ನಡೆಯುತ್ತದೆ. ಕರಾರೂ ಸ್ನೇಹವೂ ಒಂದೇ ಖಾತೆಯಲ್ಲಿ ಬೆರೆತಿರುತ್ತವೆ.

ಸಮುದಾಯವೆಂದರೆ ಒಂದೇ ಊರು ಅಥವಾ ಒಂದೇ ಬೀದಿ ಎಂಬ ಭಾವನೆಯನ್ನೂ ಮುಂದಿನ ಸಂಶೋಧಕರು ತಿದ್ದಿದರು. ಕೆನಡಾದ ಬ್ಯಾರಿ ವೆಲ್‌ಮನ್ ಅವರು ಟೊರಾಂಟೊ ನಗರದ ಈಸ್ಟ್ ಯಾರ್ಕ್ ಎಂಬ ಬಡಾವಣೆಯ ನಿವಾಸಿಗಳನ್ನು ಕುರಿತು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರ ಆಪ್ತರಲ್ಲಿ ಬಹುತೇಕರು ಅದೇ ಬಡಾವಣೆಯವರಲ್ಲವೆಂದು ಕಂಡುಬಂತು. ನಗರ ಜೀವನದಲ್ಲಿ ಸಮುದಾಯವು ನಾಶವಾಗಿರಲಿಲ್ಲ. ದೂರದೂರದವರನ್ನು ಕೂಡಿಸುವ ಬಲೆಯಾಗಿ ಹರಡಿಕೊಂಡಿತ್ತು. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗೆ ಪಕ್ಕದ ಅಂಗಡಿಯವರಿಗಿಂತ ಸೂರತ್ ಅಥವಾ ಇಚಲಕರಂಜಿಯ ಆಡತಿಯವರು ಹತ್ತಿರದವರಾಗಿರಬಹುದು. ಮಾಹಿತಿಯ ದೃಷ್ಟಿಯಿಂದ ಅವರೇ ಆತನ ಸಮುದಾಯ.

ಗ್ರಂಥಾಲಯದಿಂದ ನಿತ್ಯಜೀವನಕ್ಕೆ

ಮಾಹಿತಿಯ ಬಳಕೆಯನ್ನು ಕುರಿತ ಹಳೆಯ ಅಧ್ಯಯನಗಳು ಹೆಚ್ಚಾಗಿ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಗ್ರಂಥಾಲಯದ ಓದುಗರನ್ನೂ ಕುರಿತಾಗಿದ್ದವು. ಫಿನ್‌ಲ್ಯಾಂಡಿನ ಟಾಂಪೆರೆ ವಿಶ್ವವಿದ್ಯಾನಿಲಯದ ರೇಯೊ ಸವೊಲಾಯ್ನೆನ್ ಅವರು 1995ರಲ್ಲಿ ಪ್ರಕಟಿಸಿದ ಲೇಖನವು ನಿತ್ಯಜೀವನದ ಮಾಹಿತಿ ಅನ್ವೇಷಣೆಗೆ ಒಂದು ಚೌಕಟ್ಟನ್ನು ಒದಗಿಸಿತು. ಅವರು ಶಿಕ್ಷಕರನ್ನೂ ಕಾರ್ಖಾನೆಯ ಕಾರ್ಮಿಕರನ್ನೂ ಸಂದರ್ಶಿಸಿ, ಅವರು ದಿನದ ಸಮಸ್ಯೆಗಳಿಗೆ ಉತ್ತರವನ್ನು ಎಲ್ಲಿ ಹುಡುಕುತ್ತಾರೆಂದು ಹೋಲಿಸಿದರು.

ಅವರ ವಿವರಣೆಗೆ ಆಧಾರವಾದದ್ದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರೆ ಬೂರ್ದಿಯೊ ಅವರ ಒಂದು ವಿಚಾರ. ಮನುಷ್ಯನು ಬೆಳೆದ ವಾತಾವರಣವು ಅವನಲ್ಲಿ ಒಂದು ಪ್ರವೃತ್ತಿಯನ್ನು ಮೈಗೂಡಿಸುತ್ತದೆ; ಯಾವುದು ಸಹಜ, ಯಾವುದು ತನ್ನಂಥವರಿಗೆ ತಕ್ಕದ್ದು ಎಂಬುದನ್ನು ಅವನು ಯೋಚಿಸದೆಯೇ ತೀರ್ಮಾನಿಸುತ್ತಾನೆ. ಮಾಹಿತಿಯ ವಿಷಯದಲ್ಲಿಯೂ ಹೀಗೆಯೇ. ತಂದೆಯ ಕಾಲದಿಂದ ದಲಾಲರ ಮಾತಿನ ಮೇಲೆ ಖರೀದಿ ಮಾಡಿದ ಮನೆತನಕ್ಕೆ ಅದೇ ಸಹಜ. ಮೊದಲ ತಲೆಮಾರಿನ ಉದ್ಯಮಿಯು ಜಿಲ್ಲಾ ಕೈಗಾರಿಕಾ ಕೇಂದ್ರದ ಮೆಟ್ಟಿಲು ಹತ್ತುತ್ತಾನೆ; ಏಕೆಂದರೆ ಅವನಿಗೆ ಕೇಳಲು ಬೇರೆ ಯಾರೂ ಇರುವುದಿಲ್ಲ. ಇಬ್ಬರೂ ತಮ್ಮ ದಾರಿಯನ್ನು ಪೂರ್ತಿಯಾಗಿ ಅಳೆದು ತೂಗಿ ಆರಿಸಿಕೊಂಡವರಲ್ಲ.

ಬೇಲಿಯೊಳಗಿನ ಮೌನ

ಈ ಕ್ಷೇತ್ರದಲ್ಲಿ ವರ್ತಕರು ಅವಶ್ಯವಾಗಿ ತಿಳಿಯಬೇಕಾದ ಹೆಸರು ಅಮೆರಿಕದ ಎಲ್ಫ್ರೀಡಾ ಚಾಟ್‌ಮನ್ ಅವರದು. ಅವರು ವಿಶ್ವವಿದ್ಯಾನಿಲಯದ ಕಸಗುಡಿಸುವ ಕೆಲಸಗಾರರು, ವಸತಿಗೃಹದಲ್ಲಿದ್ದ ವೃದ್ಧ ಮಹಿಳೆಯರು, ಬಂದೀಖಾನೆಯ ಮಹಿಳೆಯರು ಇಂತಹವರ ನಡುವೆ ದೀರ್ಘಕಾಲ ಓಡಾಡಿ, ಅವರ "ಪುಟ್ಟ ಲೋಕ"ಗಳಲ್ಲಿ ಮಾಹಿತಿ ಹೇಗೆ ಸಂಚರಿಸುತ್ತದೆಂದು ದಾಖಲಿಸಿದರು.

ವೃದ್ಧ ಮಹಿಳೆಯರ ಅಧ್ಯಯನವು 1992ರಲ್ಲಿ ಪುಸ್ತಕವಾಗಿ ಬಂತು. ಆ ಮಹಿಳೆಯರಿಗೆ ಒಡನಾಡಿಗಳ ಕೊರತೆಯಿರಲಿಲ್ಲ. ಒಟ್ಟಿಗೆ ಕೂಡುತ್ತಿದ್ದರು, ಹರಟುತ್ತಿದ್ದರು. ಆದರೆ ತಮ್ಮ ಗಂಭೀರವಾದ ಕಾಯಿಲೆ ಮತ್ತು ಒಂಟಿತನಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ. ಹೇಳಿದರೆ "ಇವಳಿಗೆ ಇನ್ನು ಸ್ವಂತವಾಗಿ ಬದುಕಲು ಆಗದು" ಎಂಬ ಮಾತು ಹುಟ್ಟಿ, ಶುಶ್ರೂಷಾಲಯಕ್ಕೆ ಹೋಗಬೇಕಾದೀತೆಂಬ ಭಯ. ನೆರವು ನೀಡಬಲ್ಲವರು ಪಕ್ಕದಲ್ಲಿಯೇ ಇದ್ದರೂ ನೆರವಿನ ಮಾಹಿತಿ ಅವರನ್ನು ತಲುಪಲಿಲ್ಲ. 1996ರ ಲೇಖನದಲ್ಲಿ ಚಾಟ್‌ಮನ್ ಇದನ್ನು "ಮಾಹಿತಿ ಬಡತನ"ದ ಸಿದ್ಧಾಂತವಾಗಿ ನಿರೂಪಿಸಿದರು. ಗೋಪ್ಯತೆ, ಮರೆಮಾಚುವಿಕೆ, ಬಾಯಿಬಿಟ್ಟರೆ ಆಗಬಹುದಾದ ಹಾನಿಯ ಲೆಕ್ಕ ಇವು ಆ ಬಡತನದ ಕಾರಣಗಳು. ಹಣದ ಬಡತನವೂ ಇದೂ ಒಂದೇ ಅಲ್ಲ.

ವ್ಯಾಪಾರದಲ್ಲಿ ಇದರ ಪ್ರತಿರೂಪವನ್ನು ಕಾಣದವರಾರು? ಸಣ್ಣ ಕಾರ್ಖಾನೆಯೊಂದರ ದುಡಿಯುವ ಬಂಡವಾಳವು ದೊಡ್ಡ ಖರೀದಿದಾರರ ಬಾಕಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಲೀಕನು ಅದನ್ನು ಯಾರಿಗೂ ಹೇಳುವುದಿಲ್ಲ. ಸುದ್ದಿ ಹೊರಬಿದ್ದರೆ ಕಚ್ಚಾಮಾಲಿನವರು ಮುಂಗಡವಾಗಿ ಹಣ ಕೇಳುತ್ತಾರೆ, ಬೇರೆ ಗಿರಾಕಿಗಳು ಹಿಂದೆ ಸರಿಯುತ್ತಾರೆ, ಮನೆತನದ ಹೆಸರಿಗೆ ಕುಂದು. ಆದ್ದರಿಂದ ಮಂದಿಯ ಮುಂದೆ ನಗುಮುಖ, ರಾತ್ರಿ ನಿದ್ದೆಯಿಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯು ಇಂತಹವನ ನೆರವಿಗೆ ಇದೆ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಸರಕನ್ನು ಸ್ವೀಕರಿಸಿದ ಖರೀದಿದಾರನು ಲಿಖಿತ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿ ಮಾಡತಕ್ಕದ್ದು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ವಿವಾದವನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಬಹುದು. 2017ರಲ್ಲಿ "ಸಮಾಧಾನ್" ಜಾಲತಾಣದ ಮೂಲಕವೂ ಅರ್ಜಿ ಸಲ್ಲಿಸುವ ವ್ಯವಸ್ಥೆ ಬಂತು.

ಈ ಮಾಹಿತಿ ಗುಟ್ಟಿನದಲ್ಲ. ಆದರೂ "ಅರ್ಜಿ ಹಾಕಿದವನು" ಎಂಬ ಹೆಸರು ಬಂದರೆ ಮುಂದೆ ಆರ್ಡರು ಸಿಗದೆಂಬ ಅಂಜಿಕೆಯಿಂದ ಹಲವರು ಅದರ ಬಗ್ಗೆ ವಿಚಾರಿಸುವುದಕ್ಕೂ ಹಿಂಜರಿಯುತ್ತಾರೆ. ಇಲ್ಲಿ ಕೊರತೆಯಿರುವುದು ಮಾಹಿತಿಯದಲ್ಲ. ನಿರ್ಭಯವಾಗಿ ಪ್ರಶ್ನೆ ಕೇಳುವ ಸ್ಥಳದ್ದು. ಕರಪತ್ರಗಳನ್ನು ಎಷ್ಟು ಹಂಚಿದರೂ ಈ ಕೊರತೆ ನೀಗದೆಂಬುದು ಚಾಟ್‌ಮನ್ ಅವರ ಅಧ್ಯಯನದಿಂದ ನಾವು ಕಲಿಯತಕ್ಕ ಪಾಠ.

ದೂರದ ಪರಿಚಯದ ಲಾಭ

ಆಪ್ತರ ವಲಯಕ್ಕೆ ಇನ್ನೊಂದು ಮಿತಿಯಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ನಗರದ ಬಳಿಯ ನ್ಯೂಟನ್‌ನಲ್ಲಿ ಹೊಸದಾಗಿ ಉದ್ಯೋಗ ಪಡೆದವರನ್ನು ಸಂದರ್ಶಿಸಿ, ಅದರ ಸಾರವನ್ನು 1973ರ ಲೇಖನದಲ್ಲಿ ಪ್ರಕಟಿಸಿದರು. ಪರಿಚಯಸ್ಥರ ಮೂಲಕ ಉದ್ಯೋಗ ಪಡೆದವರ ಪೈಕಿ, ಆ ಪರಿಚಯಸ್ಥರನ್ನು ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇ. 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪವಾಗಿ ಕಾಣುತ್ತಿದ್ದವರು ಶೇ. 27.8.

ಇದರ ಕಾರಣ ಸರಳ. ಪ್ರತಿದಿನ ಜೊತೆಗಿರುವವರು ನಾವು ಬಲ್ಲದ್ದನ್ನೇ ಬಲ್ಲವರು. ಹೊಸ ಸುದ್ದಿ ಬರಬೇಕಾದರೆ ಅದು ಬೇರೆ ವಲಯದಲ್ಲಿ ಓಡಾಡುವವರಿಂದಲೇ ಬರಬೇಕು. ವಸ್ತುಪ್ರದರ್ಶನದಲ್ಲಿ ಒಮ್ಮೆ ಭೇಟಿಯಾದ ಯಂತ್ರ ತಯಾರಕ, ರೈಲಿನಲ್ಲಿ ವಿಳಾಸಪತ್ರ ಕೊಟ್ಟ ಪರವೂರಿನ ವರ್ತಕ, ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದ ಹಳೆಯ ಮೇಸ್ತ್ರಿ ಇಂತಹವರಿಂದ ಬರುವ ಒಂದು ಮಾತು ಹೊಸ ಮಾರುಕಟ್ಟೆಗೆ ಬಾಗಿಲಾಗಬಹುದು.

ಇಂದು ಬಹುತೇಕ ವರ್ತಕರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದಾರೆ. ಒಂದೇ ಸುದ್ದಿ ಐದು ಗುಂಪುಗಳಿಂದ ಬಂದಾಗ ಐದು ಮಂದಿ ದೃಢಪಡಿಸಿದರೆಂದು ಅನಿಸುವುದು ಸಹಜ. ಆದರೆ ಆ ಐದೂ ಗುಂಪುಗಳಲ್ಲಿ ಅದೇ ಸದಸ್ಯರಿದ್ದರೆ ಮೂಲವು ಒಂದೇ ಆಗಿರಬಹುದು. ಸುದ್ದಿಯ ಸಂಖ್ಯೆಯನ್ನು ಎಣಿಸದೆ ಮೂಲದ ಸಂಖ್ಯೆಯನ್ನು ಎಣಿಸುವುದು ವಿವೇಕ.

ಬೆಲೆ ತಿಳಿದರೆ ಸಾಕೆ?

ಮೊರಾಕೊ ದೇಶದ ಸೆಫ್ರು ಎಂಬ ಊರಿನ ಪೇಟೆಯನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಅವರು 1978ರ ಲೇಖನದಲ್ಲಿ ಪೇಟೆಯನ್ನು ಮಾಹಿತಿಯ ದೃಷ್ಟಿಯಿಂದ ವಿವರಿಸಿದರು. ಸರಕಿನ ಗುಣಮಟ್ಟ, ನಿಜವಾದ ಬೆಲೆ, ಎದುರಿನವನ ನಂಬಿಕೆ ಇವು ಯಾರಿಗೂ ಪೂರ್ತಿಯಾಗಿ ತಿಳಿಯದ ಸ್ಥಿತಿಯಲ್ಲಿ ಜನರು ಎರಡು ಉಪಾಯಗಳನ್ನು ಹಿಡಿಯುತ್ತಾರೆ. ಒಂದು, ಊರೆಲ್ಲ ಅಲೆಯದೆ ವಾಡಿಕೆಯ ಅಂಗಡಿಗೇ ಹೋಗುವುದು. ಇನ್ನೊಂದು, ಆ ಒಬ್ಬನೊಡನೆಯೇ ಆಳವಾಗಿ ಚೌಕಾಶಿ ಮಾಡುವುದು. ವಾಡಿಕೆಯ ಸಂಬಂಧವು ಹುಡುಕಾಟದ ಶ್ರಮವನ್ನು ಉಳಿಸುತ್ತದೆ. ಅದು ಹಿಂದುಳಿದವರ ಮೂಢ ಪದ್ಧತಿಯಲ್ಲ. ಮಾಹಿತಿ ದುರ್ಲಭವಾದಲ್ಲಿ ಅದು ಬುದ್ಧಿವಂತಿಕೆಯೇ.

ಹಾಗಾದರೆ ಮಾಹಿತಿ ಸುಲಭವಾದಾಗ ಏನಾಗುತ್ತದೆ? 1997ರಿಂದ 2001ರ ಅವಧಿಯಲ್ಲಿ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಫೋನು ಬಂತು. ಬೂತಾಯಿ ಮೀನು ಹಿಡಿಯುವವರು ಸಮುದ್ರದಿಂದಲೇ ಬೇರೆ ಬೇರೆ ದಡಗಳ ಬೆಲೆಯನ್ನು ವಿಚಾರಿಸತೊಡಗಿದರು. ರಾಬರ್ಟ್ ಜೆನ್‌ಸನ್ ಅವರ 2007ರ ಅಧ್ಯಯನದ ಪ್ರಕಾರ, ಮೊದಲು ಹಿಡಿದ ಮೀನಿನಲ್ಲಿ ಶೇ. 5ರಿಂದ 8ರಷ್ಟು ಕೊಳ್ಳುವವರಿಲ್ಲದೆ ವ್ಯರ್ಥವಾಗುತ್ತಿದ್ದುದು ಬಹುತೇಕ ನಿಂತಿತು. ಮೀನುಗಾರರ ಲಾಭವು ಸರಾಸರಿ ಶೇ. 8 ಹೆಚ್ಚಿತು, ಗ್ರಾಹಕರ ಬೆಲೆ ಶೇ. 4 ತಗ್ಗಿತು.

ಆದರೆ ಕೇರಳದ ಮೀನುಗಾರರ ನಡುವೆ ಅಧ್ಯಯನ ನಡೆಸಿದ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಅವರು 2013ರಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಬೆಲೆ ತಿಳಿದ ಮಾತ್ರಕ್ಕೆ ಎಲ್ಲರೂ ಅದರಂತೆ ನಡೆಯಲಾರರು. ದೋಣಿಯ ಬಗೆ, ಹರಾಜುದಾರರೊಡನೆ ಇರುವ ಸಾಲದ ಸಂಬಂಧ, ಆ ದಡದ ರೂಢಿ ಇವೆಲ್ಲ ನಡುವೆ ಬರುತ್ತವೆ. ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ 2014ರಲ್ಲಿ ಏಕೀಕೃತ ಆನ್‌ಲೈನ್ ವ್ಯವಸ್ಥೆ ಆರಂಭವಾದಾಗಲೂ ಇದೇ ಪ್ರಶ್ನೆ ಎದುರಾಯಿತು. ಪರದೆಯ ಮೇಲೆ ಬೆಲೆ ಕಾಣುತ್ತದೆ. ಆದರೆ ಬಿತ್ತನೆಗೆ ಮುಂಗಡ ಕೊಟ್ಟ ಮಂಡಿಯನ್ನು ಬಿಟ್ಟು ರೈತನು ಬೇರೆಡೆಗೆ ಹೋಗುವುದು ಅಷ್ಟು ಸುಲಭವಲ್ಲ. ಮಾಹಿತಿ ಒಂದು ಕಡೆ, ಅದನ್ನು ಬಳಸುವ ಸ್ವಾತಂತ್ರ್ಯ ಇನ್ನೊಂದು ಕಡೆ.

ಮಾತು ಬೆಳೆಯುವ ತಾಣಗಳು

ಕೆನಡಾದಲ್ಲಿ ವೃದ್ಧರ ಪಾದಗಳ ಆರೈಕೆಗಾಗಿ ನಡೆಯುತ್ತಿದ್ದ ಚಿಕಿತ್ಸಾಲಯಗಳನ್ನು ಕ್ಯಾರೆನ್ ಪೆಟಿಗ್ರೂ ಅವರು ಅಧ್ಯಯನ ಮಾಡಿ 1999ರಲ್ಲಿ ಒಂದು ಕುತೂಹಲಕರ ಅಂಶವನ್ನು ಪ್ರಕಟಿಸಿದರು. ವೃದ್ಧರು ಅಲ್ಲಿಗೆ ಬರುತ್ತಿದ್ದುದು ಪಾದದ ಚಿಕಿತ್ಸೆಗೆ. ಆದರೆ ದಾದಿಯರೊಡನೆ ಮಾತನಾಡುವಾಗ ಸರಕಾರಿ ಸೌಲಭ್ಯ, ಮನೆವಾರ್ತೆ, ನೆರವಿನ ಸಂಸ್ಥೆಗಳ ವಿಷಯವೆಲ್ಲ ತಾನಾಗಿ ಬರುತ್ತಿತ್ತು. ಬೇರೆ ಕೆಲಸಕ್ಕೆಂದು ಜನ ಸೇರಿ, ಮಾತಿನ ಮಧ್ಯೆ ಮಾಹಿತಿ ಕೈಬದಲಾಗುವ ಇಂತಹ ಸ್ಥಳಗಳನ್ನು ಅವರು "ಮಾಹಿತಿಯ ತಾಣ"ಗಳೆಂದು ಗುರುತಿಸಿದರು.

ನಮ್ಮಲ್ಲಿ ಮಾರುಕಟ್ಟೆ ಪ್ರಾಂಗಣದ ಚಹಾದಂಗಡಿ, ತೆರಿಗೆ ಸಲಹೆಗಾರರ ಕಚೇರಿಯ ಬೆಂಚು, ಬ್ಯಾಂಕಿನ ಸಾಲು, ಕೈಗಾರಿಕಾ ವಸಾಹತಿನ ತೂಕದ ಸೇತುವೆ ಇವು ಅಂತಹ ತಾಣಗಳು. ವಾಣಿಜ್ಯ ಸಂಸ್ಥೆಯ ಸಭಾಂಗಣವೂ ಹೌದು. ಉಪನ್ಯಾಸಕ್ಕಿಂತ ಅದರ ನಂತರದ ಚಹಾಪಾನದ ಹತ್ತು ನಿಮಿಷಗಳು ಹೆಚ್ಚು ಪ್ರಯೋಜನಕಾರಿಯೆಂದು ಹಿರಿಯ ಸದಸ್ಯರು ಹೇಳುವುದರಲ್ಲಿ ಅರ್ಥವಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ಆ ಹತ್ತು ನಿಮಿಷಗಳಲ್ಲಿ ಯಾರು ಇರುವುದಿಲ್ಲ? ಸಂಜೆ ಏಳರ ಸಭೆಗೆ ಬರಲಾಗದ ಮಹಿಳಾ ಉದ್ಯಮಿ, ಪೇಟೆಯಲ್ಲಿ ಮನೆತನದ ಗುರುತಿಲ್ಲದ ಹೊಸಬ, ಊರ ಹೊರಗಿನ ಶೆಡ್ಡಿನಲ್ಲಿ ಒಬ್ಬನೇ ದುಡಿಯುವ ಲೇತ್ ಮಾಲೀಕ. ಅವರ ಸಾಮರ್ಥ್ಯಕ್ಕೆ ಕೊರತೆಯಿಲ್ಲದಿದ್ದರೂ ಸುದ್ದಿ ಅವರಿಗೆ ಒಂದು ತಿಂಗಳು ತಡವಾಗಿ ತಲುಪುತ್ತದೆ. ವ್ಯಾಪಾರದಲ್ಲಿ ಒಂದು ತಿಂಗಳು ಸಣ್ಣ ಅವಧಿಯಲ್ಲ.

ನಮಗೆ ದೊರೆಯುವ ಪಾಠ

ಮೇಲಿನ ವಿವೇಚನೆಯಿಂದ ವರ್ತಕರೂ ಸಣ್ಣ ಉತ್ಪಾದಕರೂ ಆಚರಣೆಗೆ ತರಬಹುದಾದ ಕೆಲವು ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

1. ಒಂದು ತಿಂಗಳ ಕಾಲ ಮಾಹಿತಿಯ ರೋಜನಾಮೆಯನ್ನು ಬರೆದಿಡಿರಿ. ಯಾವ ಸುದ್ದಿ, ಯಾರಿಂದ, ಯಾವ ದಿನ ಬಂತು, ಕೊನೆಗೆ ನಿಜವಾಯಿತೆ ಎಂಬ ನಾಲ್ಕು ಕಲಂಗಳು ಸಾಕು. ತಿಂಗಳ ಕೊನೆಗೆ ನೋಡಿದರೆ ಎಷ್ಟು ಕಡಿಮೆ ಮಂದಿಯ ಮಾತಿನ ಮೇಲೆ ವ್ಯಾಪಾರ ನಡೆದಿದೆಯೆಂದು ತಿಳಿದೀತು.

2. ಉದ್ರಿ ಕೊಡುವ ಮುನ್ನ ಕನಿಷ್ಠ ಒಂದು ಮೂಲವಾದರೂ ನಿಮ್ಮ ವಲಯದ ಹೊರಗಿನದಾಗಿರಲಿ. ಆಪ್ತರ ಮಾತು ನಂಬಿಕೆಗೆ ಅರ್ಹ; ಆದರೆ ಆಪ್ತರೂ ಅದೇ ಬಾಯಿಂದ ಕೇಳಿರಬಹುದು.

3. ವರ್ಷಕ್ಕೊಮ್ಮೆ ಕಾಣುವ ಪರಿಚಯಗಳನ್ನು ಕಡಿದುಕೊಳ್ಳಬೇಡಿರಿ. ಹಬ್ಬಕ್ಕೊಂದು ಶುಭಾಶಯ, ವರ್ಷಕ್ಕೊಂದು ಭೇಟಿ ಇವು ದುಬಾರಿಯಲ್ಲ.

4. ನೀವು ಯಾವ ಪ್ರಶ್ನೆಯನ್ನು ಯಾರ ಮುಂದೆಯೂ ಕೇಳುವುದಿಲ್ಲವೋ ಅದನ್ನು ಒಂದು ಚೀಟಿಯಲ್ಲಿ ಬರೆದು ನೋಡಿರಿ. ಬಹುಶಃ ನಿಮ್ಮ ಉದ್ದಿಮೆಗೆ ಅತ್ಯಂತ ಅಗತ್ಯವಾದ ಮಾಹಿತಿ ಆ ಪ್ರಶ್ನೆಯ ಉತ್ತರದಲ್ಲಿಯೇ ಇದೆ.

5. ವಾಣಿಜ್ಯ ಸಂಸ್ಥೆಗಳು ಹೆಸರು ಹೇಳದೆ ಬಾಕಿ ವಸೂಲಿ, ಸಾಲದ ಪುನರ್ವ್ಯವಸ್ಥೆ ಮುಂತಾದವುಗಳ ಬಗ್ಗೆ ವಿಚಾರಿಸಲು ಅನುಕೂಲ ಕಲ್ಪಿಸಬೇಕು. ತಿಂಗಳಿಗೊಂದು ದಿನ ಮುಚ್ಚಿದ ಕೋಣೆಯಲ್ಲಿ ಅನುಭವಿ ಲೆಕ್ಕಪರಿಶೋಧಕರೊಬ್ಬರು ಕುಳಿತರೂ ಸಾಕು, ಹಲವು ಘಟಕಗಳು ಬಾಗಿಲು ಮುಚ್ಚುವುದು ತಪ್ಪೀತು.

ಉಪಸಂಹಾರ

ಎಂಟುನೂರು ಎಪ್ಪತ್ತು ವರ್ಷಗಳಿಗೂ ಹಿಂದೆ ಮಂಗಳೂರಿನಲ್ಲಿ ಕುಳಿತ ವರ್ತಕನಿಗೂ ಇಂದು ಮೊಬೈಲ್ ಹಿಡಿದ ವರ್ತಕನಿಗೂ ಮೂಲ ಪ್ರಶ್ನೆ ಒಂದೇ: ಯಾರ ಮಾತನ್ನು ನಂಬಲಿ? ಸಮುದಾಯವಿಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಸಂಕಟವನ್ನು ಹೇಳಿಕೊಂಡವನ ಹೆಸರು ಕೆಡಿಸುವ ಸಮುದಾಯವು ತನ್ನ ಸದಸ್ಯರನ್ನೇ ಕತ್ತಲಲ್ಲಿ ಇಡುತ್ತದೆ. ಕಷ್ಟದಲ್ಲಿರುವ ಸಹವರ್ತಕನು ನಮ್ಮ ಬಳಿ ಬಂದು ಬಾಯಿಬಿಟ್ಟಾಗ ಆ ಮಾತನ್ನು ನಾವು ಪೇಟೆಗೆ ಒಯ್ಯುತ್ತೇವೆಯೋ, ನಮ್ಮಲ್ಲೇ ಇಟ್ಟುಕೊಂಡು ದಾರಿ ತೋರಿಸುತ್ತೇವೆಯೋ? ಅವನು ಮುಂದಿನ ಬಾರಿ ಯಾರನ್ನು ಕೇಳುತ್ತಾನೆಂಬುದು ಇದರ ಮೇಲೆಯೇ ನಿಂತಿದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಿಮಗೆ ಲಾಭ ತಂದ ಮೂರು ಸುದ್ದಿಗಳು ಯಾರಿಂದ ಬಂದವು? ಅವರು ಆಪ್ತರೋ, ದೂರದ ಪರಿಚಯದವರೋ?

2. ವಾಡಿಕೆಯ ವ್ಯಾಪಾರ ಸಂಬಂಧದಿಂದ ನಿಮಗೆ ಉಳಿದ ಶ್ರಮ ಎಷ್ಟು, ಕೈತಪ್ಪಿದ ಅವಕಾಶ ಎಷ್ಟು?

3. ನಿಮ್ಮ ಪೇಟೆಯಲ್ಲಿ ಸುದ್ದಿ ತಡವಾಗಿ ತಲುಪುವವರು ಯಾರು? ಅವರಿಗಾಗಿ ನೀವು ಮಾಡಬಹುದಾದ ಒಂದು ಕೆಲಸ ಯಾವುದು?